ಹಳೆಯ ಪಿಕಪ್‌ಗೆ ಗುಜರಿಯ ಸ್ವೇ ಬಾರ್: ಅದು ಮಾಡುವುದೇನು, ಮಾಡದಿರುವುದೇನು



ವರ್ಷವಿಡೀ ತೋಟದಲ್ಲಿ ಪಟ್ಟ ಶ್ರಮವೆಲ್ಲ ಕೊನೆಗೆ ನಾಲ್ಕು ಚಕ್ರಗಳ ಮೇಲೆ ಕುಳಿತು ಮಾರುಕಟ್ಟೆ ಸೇರಬೇಕು. ಕಡೂರು, ಬೀರೂರು, ಅಜ್ಜಂಪುರದ ಕಡೆಯ ಅಡಿಕೆ ಮತ್ತು ತೆಂಗಿನ ಬೆಳೆಗಾರರಿಗೆ ರಸ್ತೆ ಬಹುಮಟ್ಟಿಗೆ ಸಮತಟ್ಟು. ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಸಂತವೇರಿ, ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಯ ಮಗ್ಗುಲಿಗೆ ಏರುವ ಕಾಫಿ ಬೆಳೆಗಾರರಿಗೆ ಹಾಗಲ್ಲ. ಅಲ್ಲಿ ತಿರುವಿನ ಮೇಲೆ ತಿರುವು, ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಇಳಿಜಾರು. ನಮ್ಮ ಸದಸ್ಯರಲ್ಲಿ ಅನೇಕರ ಬಳಿ ಇನ್ನೂ ಜೀಪಿನ ಕುಲದ ಹಳೆಯ ಪಿಕಪ್‌ಗಳಿವೆ. ಹೊರೆ ಹೇರಲು ಅನುಕೂಲವಾಗಲೆಂದು ಕೆಲವರು ಅವನ್ನು ಎರಡು ಮೂರು ಅಂಗುಲ ತಗ್ಗಿಸಿಕೊಂಡಿದ್ದಾರೆ. ತಿರುವಿನಲ್ಲಿ ಗಾಡಿ ತೂಗುತ್ತದೆ, ಗುಜರಿಯಲ್ಲಿ ಸ್ವೇ ಬಾರ್ ಸಿಗುತ್ತದಂತೆ, ಹಾಕಿಸಬಹುದೇ ಎಂದು ಸಂಘದ ಕಚೇರಿಯಲ್ಲಿ ಮೇಲಿಂದ ಮೇಲೆ ವಿಚಾರಣೆ ಬರುತ್ತಿದೆ.

ಉತ್ತರ ಚಿಕ್ಕದು: ಹಾಕಿಸಬಹುದು, ಸರಿಯಾಗಿ ಹಾಕಿಸಿದರೆ ಪ್ರಯೋಜನವೂ ಉಂಟು. ಆದರೆ ಅದು ಗಾಡಿಯ ವಾಲಾಟವನ್ನು ತಗ್ಗಿಸುತ್ತದೆಯೇ ಹೊರತು, ಗಾಡಿ ಮಗುಚುವ ಅಪಾಯವನ್ನು ನೀಗುವುದಿಲ್ಲ. ಇವೆರಡೂ ಒಂದೇ ಎಂದು ತಿಳಿದವನಿಗೆ ಸ್ವೇ ಬಾರ್ ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು. ಈ ಪಾಠದ ಉದ್ದೇಶ ಆ ಭೇದವನ್ನು ತಿಳಿಸುವುದು.

ಸ್ವೇ ಬಾರ್ ಎಂದರೇನು?

ಗ್ಯಾರೇಜಿನವರು ಸ್ಟೆಬಿಲೈಸರ್ ಎಂದು ಕರೆಯುವುದೂ ಇದನ್ನೇ. ಸ್ಪ್ರಿಂಗ್ ಉಕ್ಕಿನ ಒಂದು ದುಂಡು ಸಲಾಕೆ. ಎರಡೂ ತುದಿಗಳು ತೋಳಿನಂತೆ ಬಾಗಿರುತ್ತವೆ. ನಡುಭಾಗ ರಬ್ಬರ್ ಬುಷ್‌ಗಳ ಮೂಲಕ ಚಾಸಿಗೆ ಸೇರಿರುತ್ತದೆ. ಎರಡು ತೋಳುಗಳು ಚಿಕ್ಕ ಲಿಂಕ್‌ಗಳ ಮೂಲಕ ಎಡಚಕ್ರ, ಬಲಚಕ್ರಗಳ ಕಡೆಗೆ ಆಕ್ಸಲ್ ಹಿಡಿದಿರುತ್ತವೆ.

ಒದ್ದೆ ಪಂಚೆಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡುವುದನ್ನು ನೆನೆಯಿರಿ. ಇಬ್ಬರೂ ಒಂದೇ ದಿಕ್ಕಿಗೆ ತಿರುಗಿಸಿದರೆ ಪಂಚೆ ಸುಮ್ಮನೆ ಉರುಳುತ್ತದೆ, ನೀರು ಬೀಳುವುದಿಲ್ಲ. ಒಬ್ಬ ಅತ್ತ, ಒಬ್ಬ ಇತ್ತ ತಿರುಗಿಸಿದರೆ ಮಾತ್ರ ಅದು ಬಿಗಿಯುತ್ತದೆ. ಸ್ವೇ ಬಾರ್ ಕೆಲಸವೂ ಹೀಗೆಯೇ. ಹಂಪು ಬಂದು ಎರಡು ಚಕ್ರಗಳೂ ಒಟ್ಟಿಗೆ ಏರಿದರೆ ಸಲಾಕೆ ಬುಷ್‌ನೊಳಗೆ ಸುಮ್ಮನೆ ತಿರುಗುತ್ತದೆ. ತಿರುವಿನಲ್ಲಿ ಗಾಡಿ ಒಂದು ಪಕ್ಕಕ್ಕೆ ವಾಲಿ, ಒಂದು ಕಡೆಯ ಸ್ಪ್ರಿಂಗ್ ಕುಗ್ಗಿ ಇನ್ನೊಂದು ಕಡೆಯದು ಹಿಗ್ಗಿದಾಗ ಸಲಾಕೆ ತಿರುಚಿಕೊಳ್ಳುತ್ತದೆ. ತಿರುಚಿದ ಉಕ್ಕು ಮತ್ತೆ ನೆಟ್ಟಗಾಗಲು ಹವಣಿಸುವುದರಿಂದ ವಾಲಾಟ ಕಡಿಮೆಯಾಗುತ್ತದೆ.

ಈ ಸಾಧನಕ್ಕೆ 1919ರ ಏಪ್ರಿಲ್‌ನಲ್ಲಿ ಕೆನಡಾ ದೇಶದ ಸ್ಟೀಫನ್ ಕೋಲ್ಮನ್ ಎಂಬುವರು ಪೇಟೆಂಟ್ ಪಡೆದರು. ಆ ಹೆಸರು ಕೇಳಿದೊಡನೆ ನಮ್ಮವರಿಗೆ ಕೊಳೆರೋಗ ಮತ್ತು ಬೋರ್ಡೋ ದ್ರಾವಣ ನೆನಪಾಗುವುದು ಸಹಜ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿದ ಡಾ. ಲೆಸ್ಲಿ ಕೋಲ್ಮನ್ ಸಹ ಕೆನಡಾದವರೇ. ಹೆಸರು ಒಂದೇ, ವ್ಯಕ್ತಿಗಳು ಬೇರೆ.

ಜೀಪಿನ ಕುಲದ ಹಳೆಯ ಗಾಡಿಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಮಾನು ಪಟ್ಟಿಗಳೇ ಆಧಾರ. ಆ ಪಟ್ಟಿಗಳು ಚಕ್ರಗಳಿಂದ ಸಾಕಷ್ಟು ಒಳಗೆ, ಒಂದಕ್ಕೊಂದು ಹತ್ತಿರ ಕುಳಿತಿರುತ್ತವೆ. ಕಾಲುಗಳನ್ನು ಜೋಡಿಸಿ ನಿಂತವನನ್ನು ಪಕ್ಕಕ್ಕೆ ತಳ್ಳುವುದು ಸುಲಭವಲ್ಲವೇ? ಹಾಗೆಯೇ ಗಾಡಿಯ ಮೇಲ್ಭಾಗ ಬೇಗ ವಾಲುತ್ತದೆ.

ಲೆಕ್ಕ ಹಾಕಿ ನೋಡೋಣ

ಹೊರೆಯೂ ಸೇರಿ 2,000 ಕೆ.ಜಿ. ತೂಗುವ ಪಿಕಪ್ ಎಂದಿಟ್ಟುಕೊಳ್ಳಿ. ಎಡಬಲ ಚಕ್ರಗಳ ನಡುವಿನ ಅಗಲ 1.3 ಮೀಟರ್. ಘಾಟಿಯ ತಿರುವಿನ ತ್ರಿಜ್ಯ 25 ಮೀಟರ್. ಗಾಡಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ತಿರುಗಿದರೆ, ಅದನ್ನು ತಿರುವಿನಿಂದ ಹೊರಕ್ಕೆ ತಳ್ಳುವಂತೆ ತೋರುವ ಬಲ ಸುಮಾರು 800 ಕೆ.ಜಿ., ಅಂದರೆ ತೂಕದ ಹತ್ತರಲ್ಲಿ ನಾಲ್ಕು ಪಾಲು. ಈ ಬಲ ಒಳಚಕ್ರಗಳ ಮೇಲಿನ ಭಾರವನ್ನು ಕಿತ್ತು ಹೊರಚಕ್ರಗಳ ಮೇಲೆ ಹಾಕುತ್ತದೆ. ಎಷ್ಟು ಕಿತ್ತುಹಾಕುತ್ತದೆಂಬುದು ಗುರುತ್ವಕೇಂದ್ರ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅವಲಂಬಿಸಿದೆ.

ಭಾರದ ಚೀಲಗಳನ್ನು ತಳದಲ್ಲಿ ಹರಡಿ, ಗುರುತ್ವಕೇಂದ್ರ ನೆಲದಿಂದ 0.8 ಮೀಟರ್ ಎತ್ತರದಲ್ಲಿದ್ದರೆ, ಸುಮಾರು 490 ಕೆ.ಜಿ. ಹೊರಕ್ಕೆ ಹೋಗುತ್ತದೆ. ಒಳಚಕ್ರಗಳ ಮೇಲೆ ಇನ್ನೂ 510 ಕೆ.ಜಿ. ಉಳಿಯುತ್ತದೆ. ಅದೇ ಹೊರೆಯನ್ನು ಕ್ಯಾಬಿನ್ನಿನ ಮೇಲಕ್ಕೆ ಏರುವಂತೆ ಒಟ್ಟಿ ಗುರುತ್ವಕೇಂದ್ರ 1.1 ಮೀಟರಿಗೆ ಹೋದರೆ, 680 ಕೆ.ಜಿ. ಹೊರಕ್ಕೆ ಸರಿದು ಒಳಗೆ 320 ಮಾತ್ರ ಉಳಿಯುತ್ತದೆ.

ಈಗ ವೇಗವನ್ನು 45 ಕಿ.ಮೀ.ಗೆ ಏರಿಸಿ. ಕೆಳಗೆ ಹೇರಿದ ಗಾಡಿಯಲ್ಲಿ ಒಳಚಕ್ರಗಳ ಮೇಲೆ ಇನ್ನೂ ಸುಮಾರು 200 ಕೆ.ಜಿ. ಇರುತ್ತದೆ. ಎತ್ತರ ಹೇರಿದ ಗಾಡಿಯಲ್ಲಿ ಏನೂ ಉಳಿಯುವುದಿಲ್ಲ. ಒಳಚಕ್ರಗಳು ನೆಲ ಬಿಟ್ಟು ಏಳುತ್ತವೆ. ಮುಂದಾಗುವುದನ್ನು ಹೇಳಬೇಕಿಲ್ಲ.

ಈ ಲೆಕ್ಕದಲ್ಲಿ ಬಂದ ಅಂಶಗಳು ಐದು: ತೂಕ, ವೇಗ, ತಿರುವಿನ ತ್ರಿಜ್ಯ, ಗುರುತ್ವಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ. ಸ್ವೇ ಬಾರ್ ಎಲ್ಲಿಯೂ ಬರಲಿಲ್ಲ! ಗಾಡಿ ವಾಲಿದಾಗ ಗುರುತ್ವಕೇಂದ್ರ ಸ್ವಲ್ಪ ಹೊರಕ್ಕೆ ಜರುಗುತ್ತದೆ. ಆ ಸ್ವಲ್ಪವನ್ನು ಮಾತ್ರ ಬಾರ್ ಕಡಿಮೆ ಮಾಡುತ್ತದೆ. ಉಳಿದದ್ದೆಲ್ಲ ಹಾಗೆಯೇ ಇರುತ್ತದೆ.

ಇಲ್ಲಿಯೇ ಅಪಾಯ ಅಡಗಿರುವುದು. ಬಾರ್ ಇಲ್ಲದ ಗಾಡಿ ವಾಲಿ ವಾಲಿ ಚಾಲಕನಿಗೆ ಎಚ್ಚರಿಕೆ ಕೊಡುತ್ತದೆ. ಹೆದರಿ ಆತ ಕಾಲು ಸಡಿಲಿಸುತ್ತಾನೆ. ಬಾರ್ ಹಾಕಿದ ಮೇಲೆ ಅದೇ ವೇಗದಲ್ಲಿ ಗಾಡಿ ನೆಟ್ಟಗೆ ನಿಂತಂತೆ ಕಾಣುತ್ತದೆ. ಚಾಲಕ ಧೈರ್ಯಗೊಂಡು ಇನ್ನೈದು ಕಿಲೋಮೀಟರ್ ಏರಿಸುತ್ತಾನೆ. ಗಾಡಿಯ ಗಡಿ ಇದ್ದಲ್ಲೇ ಇದೆ, ಎಚ್ಚರಿಕೆ ಮಾತ್ರ ಹೋಗಿದೆ. ಇದಕ್ಕೆ ಪ್ರತಿಯಾಗಿ, 36ರಿಂದ 27 ಕಿ.ಮೀ.ಗೆ, ಅಂದರೆ ಕಾಲು ಪಾಲು ವೇಗ ಇಳಿಸಿದರೆ, ಹೊರಕ್ಕೆ ತಳ್ಳುವ ಬಲ ಅರ್ಧದ ಸಮೀಪಕ್ಕೆ ಇಳಿಯುತ್ತದೆ. ಇಷ್ಟು ಲಾಭ ಕೊಡುವ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗದು.

ಮುಂದಕ್ಕೋ, ಹಿಂದಕ್ಕೋ?

ಒಂದೇ ಬಾರ್ ಸಿಕ್ಕಿದರೆ ಅದನ್ನು ಮುಂದಿನ ಆಕ್ಸಲ್‌ಗೆ ಹಾಕಿಸಬೇಕು. ಬಾರ್ ಇರುವ ಆಕ್ಸಲ್‌ನ ಹೊರಚಕ್ರ ಹೆಚ್ಚು ಭಾರ ಹೊರುತ್ತದೆ, ಆ ಆಕ್ಸಲ್‌ನ ಒಟ್ಟು ಹಿಡಿತ ಸ್ವಲ್ಪ ತಗ್ಗುತ್ತದೆ. ಮುಂದೆ ಹಿಡಿತ ತಗ್ಗಿದರೆ ಗಾಡಿ ತಿರುವಿನಲ್ಲಿ ಸ್ವಲ್ಪ ನೇರಕ್ಕೆ ಎಳೆಯುತ್ತದೆ. ಚಾಲಕ ಕಾಲು ತೆಗೆದರೆ ಹತೋಟಿಗೆ ಬರುತ್ತದೆ. ಹಿಂದೆ ಮಾತ್ರ ಬಾರ್ ಹಾಕಿ, ಮಳೆಗಾಲದಲ್ಲಿ ಖಾಲಿ ಗಾಡಿಯನ್ನು ಘಾಟಿಯಲ್ಲಿ ಇಳಿಸಿದರೆ ಹಿಂಭಾಗ ಜಾರಿ ಗಾಡಿ ಅಡ್ಡಡ್ಡ ತಿರುಗುವ ಸಂಭವ ಹೆಚ್ಚು. ಹಿಂದಕ್ಕೆ ಬೇಕೆಂದರೆ ಮುಂದಕ್ಕೆ ಹಾಕಿದ ಮೇಲೆಯೇ ಯೋಚಿಸಿರಿ.

ತೋಟದೊಳಗಿನ ಏರುತಗ್ಗಿನ ದಾರಿಯಲ್ಲಿ ಬಾರ್‌ನಿಂದ ತೊಂದರೆಯೂ ಉಂಟು. ಒಂದು ಚಕ್ರ ಗುಂಡಿಗೆ ಇಳಿಯಬೇಕಾದಾಗ ಬಾರ್ ಅದನ್ನು ಮೇಲಕ್ಕೆ ಎಳೆದು ಹಿಡಿಯುತ್ತದೆ, ಚಕ್ರ ಗಾಳಿಯಲ್ಲಿ ತೇಲಿ ಹಿಡಿತ ತಪ್ಪುತ್ತದೆ. ತೋಟದೊಳಗೇ ಹೆಚ್ಚು ಓಡುವ ಗಾಡಿಗೆ, ರಸ್ತೆ ಅಪರೂಪವಾಗಿದ್ದರೆ, ಈ ಖರ್ಚು ಬೇಡ.

ಗುಜರಿಯಲ್ಲಿ ನೋಡಿ ಕೊಳ್ಳುವ ಬಗೆ

ಶಿವಮೊಗ್ಗದ ಗುಜರಿ ಅಂಗಡಿಗಳಲ್ಲಾಗಲಿ, ಬೆಂಗಳೂರಿನ ಶಿವಾಜಿನಗರದಲ್ಲಾಗಲಿ ಸಲಾಕೆ ಕೊಳ್ಳುವಾಗ ಈ ಕೆಳಗಿನವನ್ನು ಪರೀಕ್ಷಿಸಬೇಕು.

1. ದಪ್ಪ: ದಪ್ಪವಾದದ್ದೇ ಒಳ್ಳೆಯದೆಂಬುದು ತಪ್ಪು ತಿಳುವಳಿಕೆ. ಸಲಾಕೆಯ ಬಿಗಿತ ಅದರ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ. 20 ಮಿ.ಮೀ. ಸಲಾಕೆಗಿಂತ 22 ಮಿ.ಮೀ.ಯದು ಸುಮಾರು ಒಂದೂವರೆ ಪಟ್ಟು ಬಿಗಿ, 25 ಮಿ.ಮೀ.ಯದು ಸುಮಾರು ಎರಡೂವರೆ ಪಟ್ಟು. ನಮ್ಮ ಗಾಡಿಯಷ್ಟೇ ತೂಕದ, ಅಷ್ಟೇ ಅಗಲದ ವಾಹನದಿಂದ ಬಿಚ್ಚಿದ ಸಲಾಕೆಯೇ ಲೇಸು. ಲಾರಿಯದು ಬೇಡ.

2. ನೆಟ್ಟಗಿದೆಯೇ: ಸಲಾಕೆಯನ್ನು ಸಮನಾದ ಕಲ್ಲುಚಪ್ಪಡಿಯ ಮೇಲಿಡಿ. ಎರಡು ತೋಳುಗಳ ತುದಿ ಒಂದೇ ಎತ್ತರದಲ್ಲಿರಬೇಕು. ಒಂದು ಎದ್ದಿದ್ದರೆ ಅಪಘಾತದ ಗಾಡಿಯದೆಂದು ತಿಳಿದು ಬಿಟ್ಟುಬಿಡಿ.

3. ಬೆಸುಗೆ, ಬೆಂಕಿಯ ಗುರುತು: ಬೆಸುಗೆ ಹಾಕಿದ, ಗ್ಯಾಸಿನಿಂದ ಕಾಯಿಸಿ ಬಾಗಿಸಿದ, ನೀಲಿಗಟ್ಟಿದ ಸಲಾಕೆ ಪುಕ್ಕಟೆ ಕೊಟ್ಟರೂ ಬೇಡ. ಸ್ಪ್ರಿಂಗ್ ಉಕ್ಕಿನ ಹದ ಬೆಂಕಿಯಿಂದ ಕೆಡುತ್ತದೆ. ಒಂದು ದಿನ ಆ ಜಾಗದಲ್ಲೇ ಮುರಿಯುತ್ತದೆ.

4. ಬಿರುಕು: ಬಾಗಿನ ಜಾಗವನ್ನೂ ಬುಷ್ ಕೂರುವ ಜಾಗವನ್ನೂ ತಂತಿಬ್ರಶ್ಶಿನಿಂದ ಉಜ್ಜಿರಿ. ಸೀಮೆಎಣ್ಣೆ ಹಚ್ಚಿ ಒಂದು ಗಂಟೆ ಬಿಡಿ. ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಬಂದು ಸುಣ್ಣದ ಮೇಲೆ ಕಪ್ಪು ಗೆರೆ ಮೂಡುತ್ತದೆ. ತುಕ್ಕು ತಿಂದು ಗುಳಿ ಬಿದ್ದಿದ್ದರೂ ಬೇಡ. ಬಿರುಕು ಹುಟ್ಟುವುದು ಗುಳಿಯಲ್ಲೇ.

ಬುಷ್, ಲಿಂಕ್, ನಟ್ಟು ಬೋಲ್ಟುಗಳನ್ನು ಗುಜರಿಯಿಂದ ತರಬಾರದು. ಅವು ಹೊಸವೇ ಆಗಬೇಕು.

ತಗ್ಗಿಸಿದ ಗಾಡಿಯ ವಿಶೇಷ

ಗಾಡಿ ತಗ್ಗಿದರೆ ಗುರುತ್ವಕೇಂದ್ರವೂ ತಗ್ಗುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ತಗ್ಗಿಸಿದ್ದು ಹೇಗೆ ಎಂಬುದನ್ನು ನೋಡಬೇಕು. ಕಮಾನಿನಿಂದ ಒಂದೆರಡು ಪಟ್ಟಿ ತೆಗೆದು ತಗ್ಗಿಸಿದ್ದರೆ ಗಾಡಿಯ ಹೊರುವ ಶಕ್ತಿಯೇ ಕುಂದಿರುತ್ತದೆ. ಅಂಥದ್ದಕ್ಕೆ ಬಾರ್ ಹಾಕುವ ಮೊದಲು ಪಟ್ಟಿಗಳನ್ನು ಮರಳಿ ಹಾಕಿಸಿ, ಸ್ಪ್ರಿಂಗ್ ಕೆಲಸದವರಿಂದ ಕಮಾನಿನ ಬಾಗು ಸರಿಮಾಡಿಸಬೇಕು. ಹಳತಾಗಿ ತಾನಾಗಿಯೇ ಜೋತುಬಿದ್ದ ಕಮಾನಿಗೂ ಇದೇ ಮಾತು. ಬಾರ್ ಹೊರೆ ಹೊರುವುದಿಲ್ಲ. ಸೋತ ಕಮಾನಿಗೆ ಅದು ಬದಲಿಯಲ್ಲ.

ಇನ್ನೊಂದು ಅಂಶ ಲಿಂಕಿನ ಉದ್ದ. ಗಾಡಿ 5 ಸೆಂ.ಮೀ. ತಗ್ಗಿದರೆ ಆಕ್ಸಲ್ ಚಾಸಿಗೆ 5 ಸೆಂ.ಮೀ. ಹತ್ತಿರ ಬಂದಂತಾಯಿತು. ಹಳೆಯ ಉದ್ದದ ಲಿಂಕನ್ನೇ ಹಾಕಿದರೆ ಅದು ತೋಳನ್ನು ಮೇಲಕ್ಕೆ ತಳ್ಳಿ, ಗುಂಡಿಗೆ ಬಿದ್ದಾಗ ತೋಳು ಚಾಸಿಗೆ ಬಡಿಯುತ್ತದೆ. ಎಷ್ಟು ತಗ್ಗಿದೆಯೋ ಲಿಂಕೂ ಅಷ್ಟೇ ಗಿಡ್ಡವಾಗಬೇಕು. ಗಾಡಿ ಮಾಮೂಲು ಹೊರೆಯಲ್ಲಿ ನಿಂತಾಗ ತೋಳುಗಳು ಬಹುಮಟ್ಟಿಗೆ ನೆಲಕ್ಕೆ ಸಮನಾಗಿಯೂ, ಲಿಂಕ್‌ಗಳು ನೆಟ್ಟಗೆ ಲಂಬವಾಗಿಯೂ ಇರಬೇಕು ಎಂಬುದೇ ಸೂತ್ರ.

ಜೋಡಿಸುವ ಕ್ರಮ

ಕೆಲಸ ಮೆಕ್ಯಾನಿಕ್‌ನದೇ ಆದರೂ ಮಾಲೀಕನಾದವನು ಪಕ್ಕದಲ್ಲಿ ನಿಂತು ನೋಡುವುದು ಒಳ್ಳೆಯದು.

ಮೊದಲು ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಬೇಕು. ಬರೀ ಜಾಕ್ ನಂಬಿ ಯಾರೂ ಕೆಳಗೆ ನುಸುಳಬಾರದು.

ಸಲಾಕೆಯನ್ನು ತಾತ್ಕಾಲಿಕವಾಗಿ ಹಗ್ಗದಿಂದ ಕಟ್ಟಿ, ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ನೋಡಿ. ಸ್ಟೀರಿಂಗ್ ರಾಡ್, ಬ್ರೇಕ್ ಪೈಪು, ಇಂಜಿನ್ ಆಯಿಲಿನ ತೊಟ್ಟಿ, ಫೋರ್‌ವೀಲ್ ಗಾಡಿಯಾದರೆ ಮುಂದಿನ ಶಾಫ್ಟ್, ಇವು ಯಾವುದಕ್ಕೂ ತಾಗಬಾರದು. ಒಂದು ಪಕ್ಕದ ಚಕ್ರವನ್ನು ಎತ್ತಿಯೂ ಇಳಿಸಿಯೂ ಇದೇ ಪರೀಕ್ಷೆ ಮಾಡಬೇಕು.

ಹಿಡಿಕೆಯ ತಗಡು 5–6 ಮಿ.ಮೀ. ದಪ್ಪವಿರಲಿ. ಚಾಸಿಯಲ್ಲಿ ಮೊದಲೇ ಇರುವ ತೂತುಗಳನ್ನು ಬಳಸುವುದು ಉತ್ತಮ. ಹೊಸದು ಕೊರೆಯಲೇಬೇಕಾದರೆ ಚಾಸಿಯ ಪಕ್ಕದ ಗೋಡೆಯ ನಡುಭಾಗದಲ್ಲಿ ಮಾತ್ರ; ಮೇಲಿನ ಕೆಳಗಿನ ಅಂಚುಗಳಲ್ಲಿ ಎಂದೂ ಕೊರೆಯಬಾರದು, ಗಾಡಿಯ ಬೆನ್ನೆಲುಬಿನ ಬಲವಿರುವುದು ಅಲ್ಲೇ. ಪೆಟ್ಟಿಗೆಯಂತೆ ಮುಚ್ಚಿದ ಚಾಸಿಯಾದರೆ ಒಳಗೆ ಕೊಳವೆ ಕೊಟ್ಟು ಬೋಲ್ಟ್ ಬಿಗಿಯಬೇಕು, ಇಲ್ಲವಾದರೆ ಗೋಡೆ ಒಳಕ್ಕೆ ಕುಗ್ಗುತ್ತದೆ. 8.8 ಎಂದು ತಲೆಯ ಮೇಲೆ ಮುದ್ರೆಯಿರುವ ಬೋಲ್ಟ್, ತಾನಾಗಿ ಸಡಿಲದ ಲಾಕ್‌ನಟ್ ಬಳಸಿರಿ. ಸಲಾಕೆಗೂ ಕಮಾನು ಪಟ್ಟಿಗೂ ಬೆಸುಗೆಯ ಕಿಡಿ ಸಹ ತಾಗಬಾರದು.

ಬುಷ್‌ನ ತೂತು ಸಲಾಕೆಯ ದಪ್ಪಕ್ಕೆ ಸರಿಯಾಗಿರಬೇಕು. ಕೂರಿಸಲು ಸೋಪಿನ ನೀರು ಸಾಕು. ಗ್ರೀಸ್, ಆಯಿಲ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಎಲ್ಲ ಬೋಲ್ಟುಗಳನ್ನೂ ಕೈಬಿಗಿ ಮಾಡಿ ಗಾಡಿಯನ್ನು ಚಕ್ರಗಳ ಮೇಲೆ ಇಳಿಸಿ. ಚಾಲಕನ ಜಾಗದಲ್ಲಿ ಒಬ್ಬರು ಕುಳಿತಿರಲಿ. ಒಂದು ಕಡೆಯ ಲಿಂಕ್ ಹಾಕಿದ ಮೇಲೆ ಇನ್ನೊಂದು ಕಡೆಯ ಬೋಲ್ಟ್ ಕೈಯಿಂದಲೇ ಸಲೀಸಾಗಿ ತೂರಬೇಕು. ಸಲಾಕೆಯನ್ನು ಮೀಟಿ ಎಳೆದು ಬೋಲ್ಟ್ ಹಾಕಿದರೆ ಗಾಡಿ ಸಮನೆಲದಲ್ಲೇ ಒಂದು ಪಕ್ಕಕ್ಕೆ ವಾಲಿ ನಿಲ್ಲುತ್ತದೆ. ಕೊನೆಯ ಬಿಗಿ ಗಾಡಿ ಚಕ್ರದ ಮೇಲೆ ನಿಂತಾಗಲೇ ಆಗಬೇಕು.

ಪರೀಕ್ಷೆಗೆ ಘಾಟಿ ಏರಬೇಡಿ. ಖಾಲಿ ಗಾಡಿಯನ್ನು ಸಮತಟ್ಟಾದ, ಜನಸಂಚಾರವಿಲ್ಲದ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ತಿರುಗಿಸಿ, ಬ್ರೇಕ್ ಹಿಡಿದು ನೋಡಿ. 100 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿಯಿರಿ. ಆಮೇಲೆ ಪ್ರತಿ ಸಲ ಆಯಿಲ್ ಬದಲಿಸುವಾಗ ನೋಡಿದರೆ ಸಾಕು. ಒಂದು ಕಡೆಯ ಲಿಂಕ್ ಕಡಿದರೆ ಇನ್ನೊಂದು ಕಡೆಯದನ್ನೂ ಬಿಚ್ಚಿ, ಸಲಾಕೆಯನ್ನು ಭದ್ರವಾಗಿ ಕಟ್ಟಿಕೊಂಡು ನಿಧಾನವಾಗಿ ಗ್ಯಾರೇಜಿಗೆ ಬರಬೇಕು.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ವಿಧಿಸಬಹುದು. ಆದ್ದರಿಂದ ಗಾಡಿ ತಗ್ಗಿಸುವ ಮೊದಲು, ಬಾರ್ ಹಾಕಿಸುವ ಮೊದಲು, ತರೀಕೆರೆಯ ಕಚೇರಿಯಾಗಲಿ ಚಿಕ್ಕಮಗಳೂರಿನದಾಗಲಿ, ತಮ್ಮ ನೋಂದಣಿ ಇರುವ ಸಾರಿಗೆ ಕಚೇರಿಯಲ್ಲಿ ಬರಹದ ಮೂಲಕ ವಿಚಾರಿಸಿಕೊಳ್ಳಿ. ವಿಮಾ ಕಂಪನಿಗೂ ತಿಳಿಸಿರಿ.

ಹೊರೆಯ ವಿಷಯ ಇನ್ನೂ ಗಂಭೀರ. ನೋಂದಣಿ ಪತ್ರದಲ್ಲಿರುವ ತೂಕ ಮೀರಿದರೆ ಕಾಯಿದೆಯಲ್ಲಿ 20,000 ರೂಪಾಯಿ ದಂಡವಿದೆ. ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ಬೇರೆ.

ಹೊರೆಗಿಂತ ದೊಡ್ಡದು

ಕಾಫಿ ಕೊಯ್ಲಿಗೂ ಅಡಿಕೆ ಸುಲಿಯುವುದಕ್ಕೂ ಆಳುಗಳು ಸಿಗುವುದೇ ಕಷ್ಟ. ಬೆಳಿಗ್ಗೆ ಬಯಲುಸೀಮೆಯ ಹಳ್ಳಿಗಳಿಂದ ಅವರನ್ನು ಪಿಕಪ್‌ನ ಹಿಂದೆ ನಿಲ್ಲಿಸಿಕೊಂಡು ಹೋಗುವುದು, ಸಂಜೆ ಚೀಲಗಳ ಮೇಲೆ ಕೂರಿಸಿ ಕರೆತರುವುದು ನಮ್ಮ ಸೀಮೆಯಲ್ಲಿ ಕಣ್ಣಿಗೆ ರೂಢಿಯಾಗಿಬಿಟ್ಟಿದೆ. ಮೇಲಿನ ಲೆಕ್ಕವನ್ನು ಈಗ ಮತ್ತೊಮ್ಮೆ ಓದಿರಿ. ನಿಂತ ಮನುಷ್ಯನ ಭಾರ ಚೀಲದ ಭಾರಕ್ಕಿಂತ ಎತ್ತರದಲ್ಲಿರುತ್ತದೆ. ಚೀಲವನ್ನು ಹಗ್ಗದಿಂದ ಬಿಗಿಯಬಹುದು. ಮನುಷ್ಯರು ತಿರುವಿನಲ್ಲಿ ಎಲ್ಲರೂ ಒಟ್ಟಿಗೆ ಹೊರಪಕ್ಕಕ್ಕೆ ಜರುಗುತ್ತಾರೆ. ಗಾಡಿ ಮಗುಚಿದರೆ ಚಾಲಕನಿಗೆ ಕ್ಯಾಬಿನ್ನಿನ ಆಸರೆಯಾದರೂ ಉಂಟು, ಹಿಂದಿರುವ ಹೆಂಗಸರಿಗೆ ಏನೂ ಇಲ್ಲ.

ಸರಕು ವಾಹನದಲ್ಲಿ ಪುಕ್ಕಟೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿಯ ಹೊಣೆಯಿಲ್ಲವೆಂದು ಸುಪ್ರೀಂ ಕೋರ್ಟು 2004ರಲ್ಲಿ ತೀರ್ಪು ಕೊಟ್ಟಿದೆ. ಅಂಥ ಸಂದರ್ಭದಲ್ಲಿ ಪರಿಹಾರದ ಭಾರ ಕೊನೆಗೆ ಮಾಲೀಕನ ತಲೆಗೇ ಬರುತ್ತದೆ. ಎರಡು ಎಕರೆ ಮೂರು ಎಕರೆಯ ಸಣ್ಣ ಹಿಡುವಳಿದಾರ ತೋಟ ಮಾರಿದರೂ ಅದು ತೀರದು. ಹೋದ ಜೀವಕ್ಕಂತೂ ಬೆಲೆಯೇ ಇಲ್ಲ. ಅಕ್ಕಪಕ್ಕದ ನಾಲ್ಕೈದು ಬೆಳೆಗಾರರು ಸೇರಿ ಕೊಯ್ಲಿನ ದಿನಗಳಿಗೆ ಪ್ರಯಾಣಿಕರ ಪರವಾನಗಿಯಿರುವ ಒಂದು ವಾಹನವನ್ನು ಬಾಡಿಗೆಗೆ ಗೊತ್ತುಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಸಹಕಾರ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದು?

ಗಾಡಿ ಹೇರುವ ವಿದ್ಯೆ ನಮಗೆ ಹೊಸದಲ್ಲ. ಅಜ್ಜಂಪುರದ ಅಮೃತಮಹಲ್ ತಳಿಯ ಎತ್ತುಗಳನ್ನು ಕಂಡು ಬೆಳೆದ ಸೀಮೆ ಇದು. ಭಾರದ್ದು ಕೆಳಗೆ, ಹಗುರದ್ದು ಮೇಲೆ, ಹಗ್ಗ ಬಿಗಿ, ಇಳಿಜಾರಿನಲ್ಲಿ ನಿಧಾನ ಎಂಬ ನಾಲ್ಕು ಮಾತನ್ನು ಎತ್ತಿನಗಾಡಿಯ ಕಾಲದ ಹಿರಿಯರು ಲೆಕ್ಕವಿಲ್ಲದೆಯೇ ಬಲ್ಲವರಾಗಿದ್ದರು. ಪೆಟ್ರೋಲು ಡೀಸೆಲು ಬಂದುದರಿಂದ ಆ ನಿಯಮ ಬದಲಾಗಿಲ್ಲ. ಅರ್ಧ ತುಂಬಿದ ನೀರಿನ ಡ್ರಮ್ಮು, ಔಷಧಿಯ ಡ್ರಮ್ಮು ತಿರುವಿನಲ್ಲಿ ತುಳುಕಿ ಗಾಡಿಯನ್ನು ಎಳೆಯುತ್ತದೆಂಬುದನ್ನು ಮಾತ್ರ ಆ ನಾಲ್ಕು ಮಾತಿಗೆ ಸೇರಿಸಿಕೊಳ್ಳಿ. ಡ್ರಮ್ಮನ್ನು ಪೂರ್ತಿ ತುಂಬಿ, ಇಲ್ಲವೇ ಖಾಲಿ ಒಯ್ಯಿರಿ.

ಸಾರಾಂಶ

ಕಮಾನು, ಬ್ರೇಕ್, ಟೈರು ಮೊದಲು ಸರಿಯಿರಲಿ, ಬಾರ್ ಆಮೇಲೆ. ಬಾರ್ ಮೊದಲು ಮುಂದಕ್ಕೆ. ಬೆಂಕಿ ಕಂಡ ಸಲಾಕೆ ಬೇಡ. ತಗ್ಗಿದಷ್ಟೇ ಲಿಂಕ್ ಗಿಡ್ಡವಾಗಲಿ. ಕೊನೆಯ ಬಿಗಿ ಚಕ್ರದ ಮೇಲೆ. ಹಾಕಿಸಿದ ಮೇಲೂ ಘಾಟಿಯಲ್ಲಿ ವೇಗ ಹಿಂದಿನದೇ ಇರಲಿ. ಸರಕಿನ ಗಾಡಿಯಲ್ಲಿ ಜನ ಬೇಡ.

ಗಾಡಿ ವಾಲುವುದನ್ನು ಉಕ್ಕಿನ ಸಲಾಕೆ ತಡೆದೀತು. ಮಗುಚುವುದನ್ನು ತಡೆಯುವುದು ಹೇರುವವನ ಕೈ ಮತ್ತು ಓಡಿಸುವವನ ಕಾಲು.

— ಕಾರ್ಯದರ್ಶಿ